ಬೇಸ್ ಗಿಟಾರಿಗೆ ಕೊಟ್ಟ ಉಗುರು

ಮೊನ್ನೆ ಅಣ್ಣನ ಮಗಳ ಮದುವೆಯ ಹಿಂದಿನ ದಿನ ಮನೆತುಂಬ ಉಗುರುಬಣ್ಣದ ವಾಸನೆ. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಹುಡುಗಿಯರೆಲ್ಲ ಕೈ ಚಾಚಿ ಕುಳಿತಿದ್ದರು. ಬಣ್ಣ ಒಣಗುವ ತನಕ ಅವರು ಏನನ್ನೂ ಮುಟ್ಟುವಂತಿಲ್ಲವಾದ್ದರಿಂದ ಅವರಿಗೆ ಕಾಫಿ ಕುಡಿಸುವುದು, ಮುಖದ ಮೇಲೆ ಬಿದ್ದ ಕೂದಲು ಸರಿಸುವುದು, ಬೆನ್ನು ತುರಿಸುವುದು ಎಲ್ಲ ನನ್ನಂಥ ಹಿರಿಯರ ಪಾಲಿಗೆ ಬಂದಿತ್ತು. ಆ ವಾಸನೆ ನಿಮಗೂ ಗೊತ್ತು. ಪೇಂಟಿನ ಅಂಗಡಿಗೂ ಆಸ್ಪತ್ರೆಗೂ ನಡುವೆ ಎಲ್ಲೋ ಇರುವ ವಾಸನೆ. ನನ್ನ ವಯಸ್ಸಿನ ಹೆಂಗಸರಿಗೆ ಅದರಿಂದ ತಮ್ಮ ಮದುವೆ ನೆನಪಾಗಬೇಕು. ಅತ್ತಿಗೆಯೂ ಹಾಗೇ ತಿಳಿದು "ಹಳೇದೆಲ್ಲ ನೆನಪಾಗ್ತಿದೆ ಅಲ್ವಾ?" ಎಂದು ಮೊಣಕೈಯಲ್ಲಿ ತಿವಿದರು. ಹೌದು ಎಂದೆ. ನೆನಪಾಗಿದ್ದು ಮಾತ್ರ ಭದ್ರಾವತಿಯ ಜನ್ನಾಪುರದ ಒಂದು ಶೀಟಿನ ಕೋಣೆ, ಅದರ ಗೋಡೆಗೆ ಒರಗಿಸಿಟ್ಟಿದ್ದ ಒಂದು ಬೇಸ್ ಗಿಟಾರು. ಮದುವೆಮನೆಯಲ್ಲಿ ಇದನ್ನು ಹೇಳಿದರೆ ಇವಳಿಗೇನೋ ಆಗಿದೆ ಎಂದುಕೊಂಡಾರು. ಅದಕ್ಕೇ ನಿಮ್ಮೆದುರು ಹೇಳುತ್ತಿದ್ದೇನೆ.

ಬೇಸ್ ಗಿಟಾರು ಎಂದರೆ ನೋಡಲು ಗಿಟಾರಿನಂತೆಯೇ ಇದ್ದು, ಕುತ್ತಿಗೆ ಇನ್ನೂ ಉದ್ದವಾಗಿ, ತಂತಿ ನಾಲ್ಕೇ ಇರುವ ವಾದ್ಯ. ತಂತಿಗಳು ದಪ್ಪ. ಹಾಡಿನಲ್ಲಿ ತಳಭಾಗದ ಸ್ವರ ಅದರದು. ಅದು ಇರುವಾಗ ಯಾರಿಗೂ ಕೇಳಿಸುವುದಿಲ್ಲ, ನಿಂತುಹೋದರೆ ಮಾತ್ರ ಏನೋ ಕೆಟ್ಟಿತು ಎಂದು ಎಲ್ಲರೂ ತಿರುಗಿ ನೋಡುತ್ತಾರೆ. ನಾನು ಅದನ್ನು ನುಡಿಸುತ್ತಿದ್ದ ಕಾಲದಲ್ಲಿ, ಅಂದರೆ ತೊಂಬತ್ತರ ದಶಕದ ಕೊನೆಗೆ, ನಮ್ಮ ಕಡೆಯ ಗಣಪತಿ ಪೆಂಡಾಲುಗಳಲ್ಲಿ ಜನ ವೇದಿಕೆಯ ಹತ್ತಿರ ಬಂದು ನನ್ನ ವಾದ್ಯದ ತಂತಿ ಎಣಿಸಿ ನೋಡಿ "ಎರಡು ತಂತಿ ಕಿತ್ತೋಗಿದೆಯೇನಮ್ಮಾ?" ಎಂದು ಕೇಳುತ್ತಿದ್ದರು. ಮೊದಮೊದಲು ವಿವರಿಸಿ ಹೇಳುತ್ತಿದ್ದೆ. ಆಮೇಲೆ ಹೌದು, ನಾಳೆ ಹಾಕಿಸ್ತೀನಿ ಅನ್ನತೊಡಗಿದೆ.

ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟರು. ನಾಲ್ಕು ಮನೆ ಆಚೆ ವೀಣೆ ಕಲಿಸುವ ಗಿರಿಜಮ್ಮ ಟೀಚರ್ ಇದ್ದರು. ಸಣ್ಣವಳಿದ್ದಾಗ ನನ್ನನ್ನು ಅವರಲ್ಲಿ ಸೇರಿಸಿದರು, ಡಿಗ್ರಿ ಮುಗಿದ ಮೇಲೂ ಹೋಗುತ್ತಲೇ ಇದ್ದೆ. ವೀಣೆಯನ್ನು ಕೆಲವರು ತಂತಿಯಿಂದ ಮಾಡಿದ ನಖ ಬೆರಳಿಗೆ ಸಿಕ್ಕಿಸಿಕೊಂಡು ಮೀಟುತ್ತಾರೆ, ಕೆಲವರು ಸ್ವಂತ ಉಗುರಿನಿಂದ. ಟೀಚರ್ ಎರಡನೆಯ ಪಂಗಡದವರು, ಅದರಲ್ಲೂ ಕಟ್ಟಾ. "ಉಗುರು ನಿನ್ನದೇ ಆಗಿದ್ರೆ ತಂತಿ ಏನಂತು ಅಂತ ಬೆರಳಿಗೆ ಗೊತ್ತಾಗತ್ತೆ. ನಖ ಹಾಕ್ಕೊಂಡು ನುಡಿಸೋದು ಸೌಟಲ್ಲಿ ಊಟ ಮಾಡಿದ ಹಾಗೆ" ಅನ್ನುತ್ತಿದ್ದರು. ಪ್ರತಿ ಪಾಠಕ್ಕೆ ಮುಂಚೆ ಕನ್ನಡಕ ಏರಿಸಿಕೊಂಡು ನಮ್ಮ ಬಲಗೈ ಪರೀಕ್ಷೆ ಮಾಡುತ್ತಿದ್ದರು. ತೋರುಬೆರಳು, ಮಧ್ಯದ ಬೆರಳಿನ ಉಗುರು ಇಷ್ಟೇ ಉದ್ದ ಇರಬೇಕು, ಅದಕ್ಕಿಂತ ಹೆಚ್ಚಿದ್ದರೆ ಮರಳುಕಾಗದದಲ್ಲಿ ಉಜ್ಜಬೇಕು. ಶಾಲೆಯಲ್ಲಿ ಉಗುರು ಬೆಳೆಸಿದ್ದಕ್ಕೆ ಏಟು, ಟೀಚರ್ ಹತ್ತಿರ ಕತ್ತರಿಸಿದ್ದಕ್ಕೆ ಬೈಗುಳ. ಮನೆಯಲ್ಲಿ ಅಮ್ಮ ಆ ಕೈಯಲ್ಲಿ ಹಿಟ್ಟು ನಾದಲು ಬಿಡುತ್ತಿರಲಿಲ್ಲ, ಮೊಸರನ್ನ ಕಲಸಲು ಬಿಡುತ್ತಿರಲಿಲ್ಲ. ಹಾಗಾಗಿ ನನಗೆ ಅಡುಗೆ ಬರುವುದಿಲ್ಲ ಎಂಬ ಅಪವಾದಕ್ಕೆ ಕರ್ನಾಟಕ ಸಂಗೀತವೇ ಕಾರಣ ಎಂದು ಈಗಲೂ ವಾದಿಸುತ್ತೇನೆ.

ಇಷ್ಟೆಲ್ಲ ಮಾಡಿಯೂ ನಾನು ದೊಡ್ಡ ವೀಣೆಯವಳೇನೂ ಆಗಲಿಲ್ಲ. ಕೀರ್ತನೆಯನ್ನು ಹೇಳಿಕೊಟ್ಟಂತೆ ತಪ್ಪಿಲ್ಲದೆ ನುಡಿಸುತ್ತಿದ್ದೆ. ಆದರೆ ರಾಗವನ್ನು ನಿನಗೆ ತೋಚಿದ ಹಾಗೆ ಬೆಳೆಸು ಎಂದರೆ ನನ್ನ ಕೈ ಕಟ್ಟಿಹೋಗುತ್ತಿತ್ತು. ಸಿಟಿ ಬಸ್ಸು ಊರು ಸುತ್ತಿ ಬಂದು ಅದೇ ನಿಲ್ದಾಣದಲ್ಲಿ ನಿಲ್ಲುವಂತೆ ನಾನು ಹೋಗಿ ಬಂದು ಅದೇ ಷಡ್ಜದಲ್ಲಿ ನಿಲ್ಲುತ್ತಿದ್ದೆ. ಒಂದು ದಿನ ಟೀಚರ್ ಬೇಸರವಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ನಿನ್ನ ಕೈ ಒಳ್ಳೇದು ಕಣೇ. ತಾಳ ಅಂತೂ ಒಂದು ಕೂದಲೆಳೆ ಆಚೀಚೆ ಆಗಲ್ಲ. ಆದ್ರೆ ಹೇಳಿಕೊಟ್ಟಷ್ಟೇ ನುಡಿಸ್ತೀ." ಕೇಳಿ ಒಂದು ವಾರ ಊಟ ಸೇರಲಿಲ್ಲ. ಆಮೇಲೆ ಸೇರಿತು. ನಿಜದ ಮೇಲೆ ಎಷ್ಟು ದಿನ ಅಂತ ಮುನಿಸಿಕೊಂಡು ಇರಲಾಗುತ್ತದೆ?

ಆದ್ದರಿಂದ ಆ ವರ್ಷ ಯುಗಾದಿ ಕಳೆದ ಮೇಲೆ ಟೀಚರ್ ನನ್ನನ್ನು ಕರೆದು "ಈ ಸಲ ನವರಾತ್ರಿ ಕಛೇರಿಗೆ ನನ್ನ ಪಕ್ಕ ಕೂತ್ಕೋತೀಯೇನೇ?" ಎಂದು ಕೇಳಿದಾಗ ನಾನು ನಂಬಲಿಲ್ಲ. ಕೋಟೆಯ ದೇವಸ್ಥಾನದಲ್ಲಿ ನವರಾತ್ರಿಯ ಒಂದು ಸಂಜೆ ಟೀಚರ್ ಅವರದು. ಇಷ್ಟು ವರ್ಷದಲ್ಲಿ ಒಬ್ಬ ಶಿಷ್ಯೆಯನ್ನೂ ಅವರು ಪಕ್ಕದಲ್ಲಿ ಕೂರಿಸಿಕೊಂಡಿರಲಿಲ್ಲ. ಮನೆಗೆ ಬಂದು ಹೇಳಿದರೆ ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ನನ್ನ ಕೈಯಲ್ಲಿ ಕೊನೆಗೂ ಏನೋ ಕಂಡಿರಬೇಕು ಎಂದುಕೊಂಡು ನಾನೂ ಉಬ್ಬಿದೆ.

ಆ ಹೊತ್ತಿಗೆ ನಾನು ಜನ್ನಾಪುರದ ಒಂದು ಖಾಸಗಿ ಶಾಲೆಯಲ್ಲಿ ಸಂಗೀತದ ಮೇಡಂ ಆಗಿದ್ದೆ. ಬೆಳಿಗ್ಗೆ ಶಿವಮೊಗ್ಗದಿಂದ ಬಸ್ಸು ಹತ್ತಿದರೆ ಸಂಜೆ ವಾಪಸ್. ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ವಿಜಯಾ ನನ್ನ ಗೆಳತಿಯಾದಳು. ಅವಳ ಗಂಡ ಪಳನಿ ಸರ್ ಕಾರ್ಖಾನೆಯ ನೌಕರಿಯ ಜೊತೆಗೆ ಒಂದು ಆರ್ಕೆಸ್ಟ್ರಾ ನಡೆಸುತ್ತಿದ್ದರು. ತಂಡದಲ್ಲಿ ಅವರದು ಲೀಡ್ ಗಿಟಾರು, ವಿಜಯಾಳದು ಹಾಡು. ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ಅವರ ಪ್ರಾಕ್ಟೀಸು. ಪಳನಿ ಸರ್ ಮನೆಮಾತು ತಮಿಳು, ವಿಜಯಾಳದು ತೆಲುಗು. ಇಬ್ಬರೂ ಜಗಳವಾಡುವುದು ಮಾತ್ರ ಕನ್ನಡದಲ್ಲಿ.

ಆಷಾಢದಲ್ಲಿ ಅವರ ಬೇಸ್ ಗಿಟಾರಿನವನು ಮೈಸೂರಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ವಾದ್ಯ ಪಳನಿ ಸರ್ ಅವರದೇ, ಅದು ಉಳಿಯಿತು. ಗಣಪತಿ ಹಬ್ಬ ಹತ್ತಿರ ಬರುತ್ತಿತ್ತು. ಆರ್ಕೆಸ್ಟ್ರಾದವರಿಗೆ ಅದು ಸುಗ್ಗಿಯ ಕಾಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ವಿಜಯಾ ಬುತ್ತಿ ಬಿಚ್ಚುತ್ತ "ನಿನ್ನ ವೀಣೆಗೆ ತಂತಿ ಎಷ್ಟು?" ಎಂದು ಕೇಳಿದಳು. ನುಡಿಸುವುದಕ್ಕೆ ನಾಲ್ಕು, ತಾಳಕ್ಕೆ ಬೇರೆ ಮೂರು ಎಂದೆ. "ನಮ್ಮದಕ್ಕೂ ನಾಲ್ಕೇ. ಬಾ ಮಾರಾಯ್ತಿ, ಒಂದು ಸಲ ಹಿಡಿದು ನೋಡು" ಎಂದಳು. ಗಣಿತದ ಟೀಚರಿಗೆ ನಾಲ್ಕು ಎಂದರೆ ನಾಲ್ಕು.

ಹೋಗಿ ಹಿಡಿದೆ. ಎಡಗೈಗೆ ಏನೂ ಕಷ್ಟವಾಗಲಿಲ್ಲ. ಮೊದಲ ದಿನವೇ ಒಂದು ಸುಲಭದ ಹಾಡಿಗೆ ಪಳನಿ ಸರ್ ತೋರಿಸಿದ ಮೂರು ಸ್ವರವನ್ನು ಹಿಡಿದು ಕೊನೆಯ ತನಕ ಬಂದೆ. ವಿಜಯಾ ಹಾಡುತ್ತ ಎಲ್ಲೆಲ್ಲೋ ಹೋಗುತ್ತಿದ್ದಳು, ಪಳನಿ ಸರ್ ಗಿಟಾರು ಇನ್ನೆಲ್ಲೋ ಹೋಗುತ್ತಿತ್ತು. ಇಬ್ಬರೂ ತಿರುಗಿ ಬರುವಾಗ ನಾನು ಇದ್ದಲ್ಲೇ ಇದ್ದೆ. ಅದೇ ನನ್ನ ಕೆಲಸ. ಹೇಳಿಕೊಟ್ಟಷ್ಟೇ ನುಡಿಸುವವರು ಬೇಕು ಎನ್ನುವ ಒಂದು ಜಾಗ ಈ ಭೂಮಿಯ ಮೇಲೆ ಇದೆ ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಕುಳಿತವಳಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಕಷ್ಟ ಬಂದದ್ದು ಬಲಗೈಯಿಂದ. ನಾನು ಬೆರಳಿನ ತುದಿಯ ಮಾಂಸದಿಂದ ತಂತಿ ಎಳೆಯುತ್ತಿದ್ದೆ. ಸ್ವರ ದುಂಡಗೆ, ಮೆತ್ತಗೆ ಬರುತ್ತಿತ್ತು. ಕೋಣೆಯೊಳಗೆ ಕೇಳಲು ಚೆನ್ನಾಗಿಯೇ ಇತ್ತು. ಪಳನಿ ಸರ್ ದೊಡ್ಡ ಸ್ಪೀಕರ್ ಬಾಕ್ಸುಗಳನ್ನು ಅಂಗಳದಲ್ಲಿಟ್ಟು, ತಾವು ರಸ್ತೆಯ ಆಚೆ ನಿಂತು ಕೇಳಿ ಬಂದು ತಲೆ ಆಡಿಸಿದರು.

"ಮೇಡಂ, ಇದು ಬೇಸ್ ಅಲ್ಲ, ಗಂಜಿ. ಗುಂ ಅಂತ ಒಂದೇ ಸಮ ಹರೀತದೆ. ಒಂದೊಂದು ಸ್ವರಾನೂ ಕಟ್ ಕಟ್ ಅಂತ ಶುರುವಾಗ್ಬೇಕು. ಕ್ಯಾಸೆಟ್‌ನಲ್ಲಿ ಕೇಳಿಲ್ವಾ?"

ಅವರು ಹೇಳಿದ್ದು ಸರಿ. ಆ ಹಾಡುಗಳನ್ನೆಲ್ಲ ಪಿಕ್ ಹಿಡಿದೇ ನುಡಿಸಿದ್ದು. ಪಿಕ್ ಎಂದರೆ ಪ್ಲಾಸ್ಟಿಕ್ಕಿನ ಒಂದು ಸಣ್ಣ ಮುಕ್ಕೋನದ ಚೂರು, ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಂತಿಗೆ ಹೊಡೆಯಬೇಕು. ಹೊಡೆದ ಕ್ಷಣದ ಟಕ್ ಎನ್ನುವ ಸದ್ದು ಬಯಲಿನಲ್ಲಿ ದೂರದ ತನಕ ಹೋಗುತ್ತದೆ. ನನ್ನ ಕೈಗೆ ಅದು ಒಗ್ಗಲೇ ಇಲ್ಲ. ಎಷ್ಟೋ ವರ್ಷ ಮಣಿಕಟ್ಟು ಅಲುಗದಂತೆ ಬೆರಳು ಮಾತ್ರ ಆಡಿಸಿ ಕಲಿತ ಕೈ ಅದು. ಪಿಕ್ ಹಿಡಿದರೆ ಅಂಗೈ ಬೆವರುತ್ತಿತ್ತು, ಎರಡನೆಯ ಚರಣ ಬರುವುದರೊಳಗೆ ಅದು ಹಾರಿಹೋಗುತ್ತಿತ್ತು. ಒಮ್ಮೆ ತಬಲಾದವರ ಚಹಾ ಲೋಟದಲ್ಲಿ ಬಿತ್ತು. ಇನ್ನೊಮ್ಮೆ ಎಲ್ಲರೂ ಸೇರಿ ನೆಲವೆಲ್ಲ ಹುಡುಕಿದರೂ ಸಿಗಲಿಲ್ಲ, ಮಾರನೆಯ ದಿನ ವಿಜಯಾ ಜಡೆ ಬಿಚ್ಚುವಾಗ ಉದುರಿತಂತೆ.

ಶ್ರಾವಣ ಬಂತು. ಪಳನಿ ಸರ್ ನನ್ನ ಮುಖ ನೋಡದೆ, ಗಿಟಾರಿನ ಕಿವಿ ತಿರುಪುತ್ತ ಹೇಳಿದರು. "ತರೀಕೆರೆಯಲ್ಲಿ ಒಬ್ಬರು ನುಡಿಸ್ತಾರಂತೆ ಮೇಡಂ. ತಪ್ಪು ತಿಳ್ಕೋಬೇಡಿ. ಮುಂದಿನ ವಾರ ಬಂದು ನೋಡಿ ಹೋಗ್ತೀನಿ ಅಂದಿದಾರೆ."

ತಪ್ಪೇನೂ ತಿಳಿಯಲಿಲ್ಲ. ಆದರೆ ಆ ಸಂಜೆ ಬಸ್ಸಿನಲ್ಲಿ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ನನಗೆ ಗಂಡನ ಮನೆಯಲ್ಲಿ ಕಷ್ಟವಿರಬೇಕೆಂದು ತಿಳಿದು ಒಂದು ಬಾಳೆಹಣ್ಣು ಕೊಟ್ಟಳು. ನನಗಿನ್ನೂ ಮದುವೆಯೇ ಆಗಿರಲಿಲ್ಲ.

ಆ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಅಪ್ಪ ನಾಮಾವಳಿ ಓದುತ್ತಿದ್ದರು, ನಾನು ಒಂದೊಂದು ನಾಮಕ್ಕೆ ಒಂದೊಂದು ಚಿಟಿಕೆ ಕುಂಕುಮ ಕಲಶದ ಮುಂದೆ ಹಾಕುತ್ತಿದ್ದೆ. ಅರ್ಚನೆಗೆ ತೋರುಬೆರಳು ತಗಲಿಸಬಾರದು, ಹೆಬ್ಬೆರಳಿನ ಜೊತೆ ಮಧ್ಯದ ಬೆರಳು, ಉಂಗುರದ ಬೆರಳು ಮಾತ್ರ ಎಂಬುದು ನಮ್ಮ ಮನೆಯ ಕ್ರಮ. ನನ್ನ ಮನಸ್ಸೆಲ್ಲ ತರೀಕೆರೆಯವರ ಮೇಲಿತ್ತು. ಅಪ್ಪ ನಡುವೆ ನಿಲ್ಲಿಸಿ, ಪುಸ್ತಕದಿಂದ ತಲೆ ಎತ್ತದೆ, "ತೋರುಬೆರಳು ಬಿಡು ಅಂತ ಎಷ್ಟು ಸಲ ಹೇಳ್ಬೇಕೇ ನಿಂಗೆ?" ಎಂದರು. ನೋಡಿಕೊಂಡೆ. ಹೆಬ್ಬೆರಳನ್ನು ತೋರುಬೆರಳಿನ ಹಿಂದೆ ಒತ್ತಿಕೊಂಡು ಚಿಟಿಕೆ ಹಿಡಿದಿದ್ದೆ. ಪಿಕ್ ಹಿಡಿಯುವ ಕೈಯೇ ಅದು. ಪಿಕ್ಕಿನ ತುದಿ ಇರಬೇಕಾದ ಜಾಗದಲ್ಲಿ ಗಿರಿಜಮ್ಮ ಟೀಚರ್ ಅಳತೆಯ ಉಗುರು ಇತ್ತು. ಮುಂದಿನ ನಾಮಕ್ಕೆ ಕುಂಕುಮ ಹಾಕುವುದೇ ಮರೆತೆ. ಲಕ್ಷ್ಮಿ ಕ್ಷಮಿಸಿದಳು, ಅಪ್ಪ ಕ್ಷಮಿಸಲಿಲ್ಲ.

ಮರುದಿನ ಶಾಲೆ ಬಿಟ್ಟ ಕೂಡಲೇ ಶೀಟಿನ ಕೋಣೆಗೆ ಓಡಿದೆ. ನಿಮ್ಮ ಮನೆಯಲ್ಲಿ ಬೇಸ್ ಗಿಟಾರು ಇರುವ ಸಂಭವ ಕಡಿಮೆ, ಆದರೂ ಇದ್ದರೆ ಉಪಯೋಗಕ್ಕೆ ಬರಲಿ ಎಂದು ಹೇಳುತ್ತೇನೆ. ಚಿಟಿಕೆ ಹಿಡಿದಂತೆ ತೋರುಬೆರಳಿಗೆ ಹೆಬ್ಬೆರಳಿನ ಆಸರೆ ಕೊಡಬೇಕು, ಇಲ್ಲದಿದ್ದರೆ ಬೆರಳು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಮಾಂಸ ತಗಲದೆ ಉಗುರೇ ಮೊದಲು ತಂತಿಗೆ ಬೀಳಬೇಕು, ಮೇಲಿನಿಂದ ಕೆಳಕ್ಕೆ. ಕೈ ಇಡುವ ಜಾಗ ಮುಖ್ಯ. ಕುತ್ತಿಗೆಯ ಹತ್ತಿರ ಮೀಟಿದರೆ ಸ್ವರ ಮೆತ್ತಗಾಗುತ್ತದೆ, ತಂತಿ ಕೊನೆಯಾಗುವ ಕುದುರೆಯ ಹತ್ತಿರ ತಂತಿ ಬಿಗಿ, ಅಲ್ಲಿ ಮೀಟಿದರೆ ಸ್ವರಕ್ಕೆ ಮೂಗುಮುಖ ಬರುತ್ತದೆ. ಅಂಗೈಯ ಅಂಚನ್ನು ತಂತಿಯ ಮೇಲೆ ಹಗುರವಾಗಿ ಒರಗಿಸಿದರೆ ಸ್ವರ ಹರಿಯದೆ ಅಲ್ಲಲ್ಲೇ ನಿಲ್ಲುತ್ತದೆ. ಆಂಪ್ಲಿಫೈಯರಿನಲ್ಲಿ ಟ್ರೆಬಲ್, ಅಂದರೆ ಚೂಪು ಸದ್ದು, ಸ್ವಲ್ಪ ಏರಿಸಬೇಕು. ವೇಗದ ಹಾಡಾದರೆ ಚಿಟಿಕೆ ಬಿಟ್ಟು, ವೀಣೆಯಂತೆಯೇ ಎರಡು ಬೆರಳಿನ ಉಗುರನ್ನು ಒಂದಾದ ಮೇಲೊಂದು ಬಳಸಬಹುದು. ಇಷ್ಟೇ. ಹೇಳುವುದಕ್ಕೆ ಒಂದು ನಿಮಿಷ, ನನಗೆ ಒಂದು ಆಷಾಢ ಹಿಡಿಯಿತು.

ಪಳನಿ ಸರ್ ಆಗಷ್ಟೇ ಶಿಫ್ಟ್ ಮುಗಿಸಿ ಬಂದು ಅಡುಗೆಮನೆಯಲ್ಲಿ ಊಟ ಮಾಡುತ್ತಿದ್ದರು. ಎಂಜಲು ಕೈಯಲ್ಲೇ ಎದ್ದು ಬಂದು ಬಾಗಿಲಲ್ಲಿ ನಿಂತರು.

"ತರೀಕೆರೆಯವರು ಬಂದುಬಿಟ್ರಾ?"

ವಿಜಯಾ ನನ್ನ ಕಡೆ ಕೈ ತೋರಿಸಿದಳು. ಅವರು ಹತ್ತಿರ ಬಂದು ನನ್ನ ಬಲಗೈಯನ್ನೇ ನೋಡಿದರು. "ಪಿಕ್ ಎಲ್ಲಿ ಬಚ್ಚಿಟ್ಟಿದೀರಿ ಮೇಡಂ?" ಅಂಗೈ ಬಿಡಿಸಿ ತೋರಿಸಿದೆ. ಮಗ್ಗುಲು ಬದಲಿಸಿ ತೋರಿಸಿದೆ. ಇನ್ನೊಮ್ಮೆ ನುಡಿಸಿ ಎಂದು ಹೇಳಿ ರಸ್ತೆಯ ಆಚೆ ಹೋಗಿ ನಿಂತು, ಅಲ್ಲಿಂದಲೇ ಊಟದ ಕೈ ಎತ್ತಿ ಬೀಸಿದರು. ತರೀಕೆರೆಯವರು ಬರಲಿಲ್ಲ.

ಆ ಗಣಪತಿ ಹಬ್ಬ ನನ್ನ ಜೀವನದ ಒಳ್ಳೆಯ ದಿನಗಳು. ಶಿವಮೊಗ್ಗದಲ್ಲಿ, ಭದ್ರಾವತಿಯಲ್ಲಿ, ಒಮ್ಮೆ ಗಾಜನೂರಿನಲ್ಲಿ ಕೂಡ ನುಡಿಸಿದೆವು. ಸೆರಗು ಸಿಕ್ಕಿಸಿಕೊಂಡು, ಹಿಂದಿನ ಸಾಲಿನಲ್ಲಿ ಡ್ರಮ್ಮಿನವರ ಪಕ್ಕ ನಿಂತುಕೊಳ್ಳುತ್ತಿದ್ದೆ. ಮೊದಲ ಕಾರ್ಯಕ್ರಮಕ್ಕೆ ಅಪ್ಪ ಅಮ್ಮ ಬಂದಿದ್ದರು. ಅಮ್ಮನಿಗೆ ನಾನು ಹಿಂದೆ ನಿಂತದ್ದು ಸಮಾಧಾನ. ಅಪ್ಪ ಗಂಭೀರವಾಗಿ ಎಲ್ಲ ಕೇಳಿ "ಶ್ರುತಿ ಶುದ್ಧವಾಗಿತ್ತು" ಎಂದರು. ಅಪ್ಪನ ಬಾಯಲ್ಲಿ ಅದಕ್ಕಿಂತ ಹೆಚ್ಚಿನ ಹೊಗಳಿಕೆ ನಾನು ಕೇಳಿಲ್ಲ.

ಆದರೆ ಬೇಸ್ ಗಿಟಾರಿನ ತಂತಿ ವೀಣೆಯ ತಂತಿಯಲ್ಲ. ಉಕ್ಕಿನ ಮೇಲೆ ಉಕ್ಕು ಸುತ್ತಿದ ಹಗ್ಗ ಅದು, ಮೈಯೆಲ್ಲ ತರಿತರಿ. ಎರಡನೆಯ ಕಾರ್ಯಕ್ರಮಕ್ಕೇ ತೋರುಬೆರಳಿನ ಉಗುರಿನ ಅಂಚು ಸವೆದು ಗರಗಸದಂತಾಯಿತು. ವಿಜಯಾ ಬಳೆ ಅಂಗಡಿಯಿಂದ ಬಣ್ಣವಿಲ್ಲದ ಉಗುರುಬಣ್ಣದ ಸೀಸೆ ತಂದಳು. ಪದರದ ಮೇಲೆ ಪದರ ಬಳಿದುಕೊಂಡು, ಊದಿ ಒಣಗಿಸಿಕೊಂಡು ವೇದಿಕೆ ಹತ್ತುತ್ತಿದ್ದೆ. ವಾಸನೆ ಎಂದು ಮೊದಲು ಹೇಳಿದೆನಲ್ಲ, ಅದು ಇದೇ. ಬಣ್ಣದ ಪದರ ಒಂದು ಸಂಜೆ ತಡೆಯುತ್ತಿತ್ತು, ಆಮೇಲೆ ತಂತಿ ಉಗುರನ್ನೇ ತಿನ್ನುತ್ತಿತ್ತು. ಪಿತೃಪಕ್ಷ ಬರುವ ಹೊತ್ತಿಗೆ ತೋರುಬೆರಳಿನ ಉಗುರು ಮಾಂಸದ ತನಕ ಸವೆದಿತ್ತು, ಮಧ್ಯದ ಬೆರಳಿನದು ಅಡ್ಡಕ್ಕೆ ಸೀಳಿತ್ತು.

ಆಗ ನವರಾತ್ರಿ ನೆನಪಾಯಿತು. ನೆನಪಿರಲಿಲ್ಲವೆಂದಲ್ಲ, ಉಗುರು ಬೆಳೆಯಲು ತಿಂಗಳುಗಳು ಬೇಕು ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕಿರಲಿಲ್ಲ. ಉಗುರಿಲ್ಲದೆ ಟೀಚರ್ ಪಕ್ಕ ವೀಣೆ ಹಿಡಿದು ಕೂರುವುದು ಹೇಗೆ? ಈಗಿಂದಲೇ ಬೇಸ್ ಬಿಟ್ಟರೆ ಅಷ್ಟಿಷ್ಟಾದರೂ ಚಿಗುರೀತು. ಆದರೆ ವಿಜಯಾ "ದಸರಾ ಮುಗಿಯೋ ತನಕ ಪ್ರೋಗ್ರಾಂ ಒಪ್ಪಿಕೊಂಡಿದೀವಿ ಮಾರಾಯ್ತಿ, ಈಗ ಯಾರನ್ನ ಹುಡುಕೋಣ?" ಎಂದಳು. ಒಂದು ಕಡೆ, ಬದುಕಿನಲ್ಲಿ ಮೊದಲ ಸಲ ನನಗೆ ಸರಿಯಾಗಿ ಹೊಂದಿದ ಜಾಗ. ಇನ್ನೊಂದು ಕಡೆ, ಇಷ್ಟು ವರ್ಷ ಕಲಿಸಿದವರು ಮೊದಲ ಸಲ ಕೊಟ್ಟ ಜಾಗ. ಎರಡಕ್ಕೂ ಬೇಕಾದದ್ದು ಅದೇ ಎರಡು ಉಗುರು.

ಕೊನೆಗೆ ಟೀಚರ್ ಮನೆಗೇ ಹೋದೆ. ಕೈ ಚಾಚಿ ತೋರಿಸಿ, ಹೀಗಾಗಿದೆ, ಈ ಒಂದು ಸಲ ತಂತಿಯ ನಖ ಹಾಕಿಕೊಳ್ಳಲು ಅಪ್ಪಣೆ ಕೊಡಿ ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಬೈಯಲಿಲ್ಲ.

"ಅದೇನು ವಾದ್ಯ ಅಂತ ನಂಗೂ ತೋರ್ಸು. ನಾಳೆ ತಗೊಂಬಾ."

ಮಾರನೆಯ ದಿನ ಬೇಸ್ ಗಿಟಾರನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಒಳಗೇನಿದೆ ಎಂದು ಎರಡು ಸಲ ಕೇಳಿದ. ಟೀಚರ್ ಅದನ್ನು ನಿಂತು ನುಡಿಸುವುದೆಂದು ಹೇಳಿದರೂ ಕೇಳದೆ, ಚಾಪೆಯ ಮೇಲೆ ಕುಳಿತು, ಹದಿನೆಂಟು ಮೊಳದ ಸೀರೆಯ ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು ಉಗುರಿನಿಂದ ಒಂದು ಮೀಟು ಮೀಟಿದರು.

"ಕೇಳಿಸಲ್ಲ ಟೀಚರ್. ಅದಕ್ಕೆ ಕರೆಂಟ್ ಬೇಕು."

ಅವರು ಬಾಗಿ ಮರದ ಮೈಗೆ ಕಿವಿ ಹಚ್ಚಿ ಇನ್ನೊಮ್ಮೆ ಮೀಟಿದರು. ಸ್ವರ ಪೂರ್ತಿ ಆರುವ ತನಕ ಹಾಗೇ ಇದ್ದರು. ಆಮೇಲೆ ಪಕ್ಕದಲ್ಲೆಲ್ಲ ಕೈಯಾಡಿಸಿ "ಇದಕ್ಕೆ ತಾಳದ ತಂತಿ ಇಲ್ವಲ್ಲೇ?" ಎಂದರು.

ವೀಣೆಯ ಪಕ್ಕದಲ್ಲಿ ಮೂರು ತಂತಿ ಇರುತ್ತವೆ ಎಂದೆನಲ್ಲ, ಅವನ್ನು ಕಿರುಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಮೀಟುತ್ತಾರೆ. ಹಾಡು ಅದರಲ್ಲಿಲ್ಲ. ಆಧಾರದ ಸ್ವರ, ತಾಳದ ಎಣಿಕೆ, ಅಷ್ಟೇ. ನಾನು ಹೇಳಿದೆ: "ಇಡೀ ವಾದ್ಯಾನೇ ತಾಳದ ತಂತಿ ಟೀಚರ್. ಉಳಿದವರಿಗೆಲ್ಲ."

ಅವರು ಗಿಟಾರನ್ನು ಚಾಪೆಯ ಮೇಲೆ ಮಲಗಿಸಿ, ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು. ನಾಲ್ಕು ಬೆರಳು ಆಡಿಸಿ ತೋರಿಸಿದರು. ಕಿರುಬೆರಳು ಆಡಲಿಲ್ಲ. ಗೆಣ್ಣು ಊದಿ, ಒಳಕ್ಕೆ ಬಾಗಿ ನಿಂತುಬಿಟ್ಟಿತ್ತು.

"ಎರಡು ವರ್ಷ ಆಯ್ತು. ಯಾರಿಗೂ ಹೇಳಿಲ್ಲ. ರಾಗ, ಕೀರ್ತನೆ ಎಲ್ಲ ನುಡಿಸ್ತೀನಿ, ತಾಳದ ತಂತಿ ಮಾತ್ರ ಆಗಲ್ಲ. ಅದಿಲ್ದೆ ನಂಗೆ ಕೂರಕ್ಕಾಗಲ್ಲ ಕಣೇ, ನೆಲ ಇಲ್ದಿರೋ ಮನೆ ಥರ ಆಗತ್ತೆ. ಅದಕ್ಕೇ ನಿನ್ನ ಕರೆದಿದ್ದು. ಆ ಎರಡು ಉಗುರು ಕಟ್ಕೊಂಡು ನಂಗೇನಾಗ್ಬೇಕು? ಪಕ್ಕದಲ್ಲಿ ಕೂತು ತಾಳದ ತಂತಿ ನೋಡ್ಕೋ. ನೀನು ನಂಗೆ ಬೇಕು."

ನನ್ನ ಕಿರುಬೆರಳಿನ ಉಗುರು ಇದ್ದ ಹಾಗೇ ಇತ್ತು. ಬೇಸ್ ನುಡಿಸುವಾಗ ಅದಕ್ಕೆ ಏನೂ ಕೆಲಸವಿರಲಿಲ್ಲ.

ನಿಜ ಹೇಳಬೇಕೆಂದರೆ ಮೊದಲು ನನಗೆ ನೋವೇ ಆಯಿತು. ನನ್ನ ಕೈಯಲ್ಲಿ ಏನೋ ಕಂಡು ಕರೆದಿದ್ದಾರೆ ಎಂದು ಆರು ತಿಂಗಳಿಂದ ಉಬ್ಬಿಕೊಂಡಿದ್ದೆನಲ್ಲ. ಮನೆಗೆ ಬಂದು ಮುಸುಕೆಳೆದು ಮಲಗಿದೆ. ಎರಡು ವರ್ಷದಿಂದ ಪಾಠದಲ್ಲಿ ಅವರು "ಜೋರಾಗಿ ತಾಳ ಹಾಕ್ರೇ, ಕೇಳಿಸ್ತಿಲ್ಲ" ಎಂದು ನಮ್ಮನ್ನು ಗದರುತ್ತಿದ್ದದ್ದು ಆಗ ನೆನಪಿಗೆ ಬಂತು. ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದು ನಾವು ಬೆನ್ನಹಿಂದೆ ನಗಾಡಿದ್ದೆವು. ಅವರಿಗೆ ನಮ್ಮ ಕೈಯ ತಾಳ ಬೇಕಾಗಿತ್ತು. ಅದು ಹೊಳೆದ ಮೇಲೆ ನೋವು ಉಳಿಯಲಿಲ್ಲ.

ಬೇಸ್ ಬಿಡಲಿಲ್ಲ. ನವರಾತ್ರಿಯ ಆ ಸಂಜೆ ರೇಷ್ಮೆ ಸೀರೆಯುಟ್ಟು, ನನ್ನ ವೀಣೆಯನ್ನು ಅವರ ಶ್ರುತಿಗೆ ಸೇರಿಸಿಕೊಂಡು ಪಕ್ಕದಲ್ಲಿ ಕುಳಿತೆ. ಎಡಗೈ ವೀಣೆಯ ಮೆಟ್ಟಿಲುಗಳ ಮೇಲೆ ಸುಮ್ಮನೆ ಇತ್ತು. ಬಲಗೈಯ ಕಿರುಬೆರಳು ಮಾತ್ರ ಏಳುತ್ತ ಇಳಿಯುತ್ತ ಇತ್ತು. ದೂರದಿಂದ ನೋಡಿದವರಿಗೆ ಇಬ್ಬರೂ ನುಡಿಸುತ್ತಿರುವಂತೆಯೇ ಕಾಣಬೇಕು. ಟೀಚರ್ ರಾಗವನ್ನು ಎತ್ತಿಕೊಂಡು ಎಲ್ಲೆಲ್ಲೋ ಹೋದರು. ಅವರ ಕೈ ಅಷ್ಟು ಧೈರ್ಯವಾಗಿ ಹೋದದ್ದನ್ನು ಆ ಎರಡು ವರ್ಷದಲ್ಲಿ ನಾನು ಕೇಳಿರಲಿಲ್ಲ. ಪಲ್ಲವಿಗೆ ತಿರುಗಿ ಬರುವಾಗ ಒಮ್ಮೆ ಕಣ್ಣಂಚಿನಲ್ಲಿ ನನ್ನ ಕಡೆ ನೋಡಿದರು. ನಾನು ಇದ್ದಲ್ಲೇ ಇದ್ದೆ.

ಮಂಗಳಾರತಿ ಮುಗಿದು ಜನ ಟೀಚರ್ ಕಾಲಿಗೆ ಬೀಳುತ್ತಿದ್ದರು. ಇಬ್ಬರ ವೀಣೆಯೂ ಒಂದೇ ಕೈಯಿಂದ ಬಂದಂತಿತ್ತು ಎಂದು ಯಾರೋ ಹೊಗಳುತ್ತಿದ್ದರು. ಪಳನಿ ಸರ್, ವಿಜಯಾ ಹಿಂದಿನ ಕಂಬದ ಹತ್ತಿರ ಕುಳಿತಿದ್ದವರು ಪ್ರಸಾದ ಹಿಡಿದು ಬಂದರು. ಪಳನಿ ಸರ್ ಸುತ್ತ ಒಮ್ಮೆ ನೋಡಿ, ನನಗೆ ಮಾತ್ರ ಕೇಳುವಂತೆ ಹೇಳಿದರು.

"ಮೇಡಂ, ಬೇಸ್ ಚೆನ್ನಾಗಿತ್ತು."

ಏನಂದರು ಅವರು ಎಂದು ಟೀಚರ್ ಆಮೇಲೆ ಕೇಳಿದರು. ಕಛೇರಿ ಚೆನ್ನಾಗಿತ್ತಂತೆ ಎಂದೆ.

ಮುಂದೆ ನಾಲ್ಕು ನವರಾತ್ರಿ ಹಾಗೆಯೇ ಕುಳಿತೆ, ಟೀಚರ್ ಹೋಗುವ ತನಕ. ಆರ್ಕೆಸ್ಟ್ರಾ ಅದಕ್ಕಿಂತ ಮೊದಲೇ ನಿಂತಿತು. ಬೇಸು, ಡ್ರಮ್ಮು ಎಲ್ಲವನ್ನೂ ತಾನೇ ನುಡಿಸುವ ಕೀಬೋರ್ಡುಗಳು ಬಂದ ಮೇಲೆ ಅಷ್ಟೊಂದು ಜನರನ್ನು ವ್ಯಾನಿನಲ್ಲಿ ಹೇರಿಕೊಂಡು ಹೋಗುವವರು ಯಾರು? ಅದರ ಬಗ್ಗೆ ನನಗೆ ಸಿಟ್ಟೇನೂ ಇಲ್ಲ. ಕೀಬೋರ್ಡಿನ ಬೇಸು ಒಂದು ದಿನವೂ ತಪ್ಪುವುದಿಲ್ಲ. ತಬಲಾದವರ ಚಹಾದಲ್ಲಿ ಏನನ್ನೂ ಬೀಳಿಸುವುದೂ ಇಲ್ಲ.

ಇಷ್ಟನ್ನೂ ಇಲ್ಲಿಯ ತನಕ ನಾನು ಪಿಕ್ ಇಲ್ಲದೆ ಪಿಕ್ಕಿನ ಸದ್ದು ಹೊರಡಿಸಿದ ಕತೆ ಎಂದೇ ಹೇಳಿಕೊಂಡು ಬಂದಿದ್ದೇನೆ. ಕೇಳಿದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮದುವೆ ಮುಗಿಸಿ ಬಂದು ಬರೆಯಲು ಕುಳಿತ ಮೇಲೆ ಟೀಚರ್ ಚಾಚಿದ ಕೈ ಕಣ್ಣಿನ ಮುಂದಿನಿಂದ ಹೋಗುತ್ತಿಲ್ಲ. ಆಗ ಅವರಿಗಿದ್ದ ವಯಸ್ಸಿಗೆ ನಾನು ಹತ್ತಿರ ಬಂದಿದ್ದೇನೆ. ಆ ಕೈಯನ್ನು ಶಿಷ್ಯೆಯ ಮುಂದೆ ಚಾಚುವುದು ಎಷ್ಟು ಕಷ್ಟವಾಗಿತ್ತೆಂದು ನನಗೆ ಆಗ ಅರ್ಥವಾಗಲಿಲ್ಲ, ಈಗ ಆಗುತ್ತಿದೆ.

ನಾನೂ ಮನೆಯಲ್ಲಿ ವೀಣೆ ಪಾಠ ಹೇಳುತ್ತೇನೆ. ಹೋದ ತಿಂಗಳು ಒಬ್ಬ ಹುಡುಗಿಯ ತಾಯಿ ಬಂದಿದ್ದರು. ಆ ಹುಡುಗಿಗೆ ಸ್ವಂತವಾಗಿ ಏನೂ ತೋಚುವುದಿಲ್ಲ, ಹೇಳಿಕೊಟ್ಟಷ್ಟನ್ನೇ ನುಡಿಸುತ್ತಾಳೆ. ತಾಳ ಮಾತ್ರ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. "ಅವಳಿಗೆ ಇದು ಬರಲ್ಲ ಅನ್ಸಿದ್ರೆ ನೇರವಾಗಿ ಹೇಳ್ಬಿಡಿ ಮೇಡಂ, ಬಿಡಿಸ್ತೀನಿ" ಎಂದರು ಆ ತಾಯಿ. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದ್ದೆ. ಈ ಪುಟ ಬರೆಯುವ ಮುಂಚೆ ಎದ್ದು ಹೋಗಿ ಅವರಿಗೆ ಫೋನು ಮಾಡಿ ಬಂದೆ.

"ಬಿಡಿಸಬೇಡಿ. ಕಳಿಸಿ. ಅವಳು ನಂಗೆ ಬೇಕು" ಎಂದೆ.